ಚರ್ಚ್ ಶಾಲೆಯ ಗೇಟಿಗೆ ಬೀಗ ಹಾಕಬೇಕಾ? ಶಿಕ್ಷಕ-ರಕ್ಷಕ ಸಂಘದ ಸಭೆಗೆ ಮುಂಚೆ ಸಲಹೆ ಬೇಕು

ಮೂರನೇ ಕ್ಲಾಸಿನ ಅಮ್ಮ:
ಮಂಗಳೂರಿನ ಹೊರವಲಯದ ಒಂದು ಚರ್ಚ್ ಶಾಲೆಯ ವಿಷಯ. ಹೆಸರು ಬೇಡ. ಅನುದಾನಿತ ಕನ್ನಡ ಶಾಲೆ, ಒಂದರಿಂದ ಏಳರವರೆಗೆ. ಚರ್ಚು, ಶಾಲೆ, ಮದುವೆ ಹಾಲ್, ಸಿಸ್ಟರುಗಳ ಕಾನ್ವೆಂಟ್, ಸಿಮೆಟ್ರಿ ಎಲ್ಲ ಒಂದೇ ಕಂಪೌಂಡಿನಲ್ಲಿ. ಮೇಲಿನ ರಸ್ತೆಯಿಂದ ಕೆಳಗಿನ ಬಸ್‌ಸ್ಟಾಪಿಗೆ ಹೋಗುವ ಕಾಲುದಾರಿಯೂ ಶಾಲೆಯ ಅಂಗಳದ ಮೇಲೆಯೇ.

ಕಳೆದ ತಿಂಗಳು ಶಾಲೆ ಬಿಡುವ ಹೊತ್ತಿಗೆ ಒಬ್ಬ ಹುಡುಗ ಬೈಕಿನಲ್ಲಿ ಬಂದು ಒಂದನೇ ಕ್ಲಾಸಿನ ಮಗುವನ್ನು ಕರೆದುಕೊಂಡು ಹೋದ. ಮಗುವಿನ ಚಿಕ್ಕಪ್ಪ. ಇದೇ ಶಾಲೆಯ ಹಳೇ ವಿದ್ಯಾರ್ಥಿ, ಟೀಚರಿಗೆ ಚೆನ್ನಾಗಿ ಗೊತ್ತಿದ್ದವನು. ಮಗು ಕೂಡ ಖುಷಿಯಲ್ಲೇ ಓಡಿ ಹೋಗಿ ಹತ್ತಿತು. ಸ್ವಲ್ಪ ಹೊತ್ತಿನಲ್ಲಿ ಅಮ್ಮ ಬಂದಳು, ಮಗು ಇಲ್ಲ. ಅಪ್ಪ-ಅಮ್ಮ ಬೇರೆ ಬೇರೆ ಇದ್ದಾರೆ ಎಂಬುದು ಟೀಚರಿಗೆ ಗೊತ್ತಿರಲಿಲ್ಲ. ಮಗು ಅಜ್ಜಿ ಮನೆಯಲ್ಲಿ ಐಸ್‌ಕ್ರೀಂ ತಿನ್ನುತ್ತಾ ಕೂತಿತ್ತು, ಏನೂ ಆಗಿರಲಿಲ್ಲ. ಆದರೆ ಆ ತಾಯಿ ಅಂಗಳದಲ್ಲಿ ಕುಸಿದು ಕೂತದ್ದನ್ನು ನಾವೆಲ್ಲ ನೋಡಿದ್ದೇವೆ.

ಈಗ ಶಾಲೆಯವರು ಒಂಬತ್ತೂವರೆಯಿಂದ ಮೂರೂವರೆವರೆಗೆ ಗೇಟಿಗೆ ಬೀಗ ಅಂತ ಹೇಳಿದ್ದಾರೆ. ದಾರಿ ಬಂದಾಗುತ್ತದೆ ಎಂದು ವಾರ್ಡಿನವರಿಗೆ ಸಿಟ್ಟು ಬಂದಿದೆ. ಶನಿವಾರ ಸಭೆ. ಬೇರೆ ಶಾಲೆಗಳಲ್ಲಿ ಹೇಗೆ ಮಾಡುತ್ತೀರಿ?

ನಿವೃತ್ತ ಟೀಚರ್:
ಗೇಟು ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಕಥೆಯನ್ನೇ ಇನ್ನೊಮ್ಮೆ ಓದಿ. ಗೇಟಿಗೆ ಬೀಗ ಇದ್ದಿದ್ದರೂ ಆ ಹುಡುಗನಿಗೆ ಯಾರಾದರೂ ತೆಗೆದೇ ತೆಗೆಯುತ್ತಿದ್ದರು. ಅವನು ನಮ್ಮವನು. ಊರಿನ ಶಾಲೆಗಳ ಕಷ್ಟ ಇರುವುದೇ ಇಲ್ಲಿ. ಗುರುತಿಲ್ಲದವನು ಬಂದರೆ ಹತ್ತು ಜನ ಕೇಳುತ್ತಾರೆ, ಗುರುತಿದ್ದವನನ್ನು ಒಬ್ಬರೂ ಕೇಳುವುದಿಲ್ಲ.

ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ವರದಿ ತೆಗೆದು ನೋಡಿ. ಮಕ್ಕಳ ಮೇಲಿನ ಅತ್ಯಾಚಾರದ ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಆರೋಪಿಗಳು ಮಗುವಿಗೆ ಪರಿಚಯದವರೇ. ಮನೆಯವರು, ಪಕ್ಕದವರು, ಕುಟುಂಬದ ಸ್ನೇಹಿತರು. ನಾನು ಚರ್ಚ್ ಶಾಲೆಯಲ್ಲೇ ಕಲಿಸಿ ರಿಟೈರ್ ಆದವಳು. ಪಾಗಾರ (ಕಂಪೌಂಡ್ ಗೋಡೆ) ಹಾರಿ ಬಂದವರಿಂದ ನಮಗೆ ತೊಂದರೆ ಆದದ್ದು ನೆನಪಿಲ್ಲ. ಕುರ್ಚಿ ಹಾಕಿ ಕೂರಿಸಿ ಚಹಾ ಕೊಟ್ಟವರಿಂದ ಆದದ್ದು ನೆನಪುಂಟು.

ಹಾಗಾಗಿ ನನ್ನ ಸಲಹೆ ಇಷ್ಟು. ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಎಂಬ ಪಟ್ಟಿ, ಅಪ್ಪ ಅಮ್ಮ ಸಹಿ ಹಾಕಿದ್ದು, ಕ್ಲಾಸ್ ಟೀಚರ್ ಮೇಜಿನ ಡ್ರಾದಲ್ಲಿರಲಿ. ಪಟ್ಟಿಯಲ್ಲಿ ಇಲ್ಲದವರು ಬಂದರೆ ಫೋನ್ ಮಾಡಿ ಕೇಳಿ. ಬಂದವರು ಗುರ್ಕಾರರಾದರೂ (ಚರ್ಚ್ ವಾರ್ಡಿನ ಮುಖಂಡರು) ಸರಿ, ಫಾದರ್ ಅವರ ತಮ್ಮನಾದರೂ ಸರಿ. ಕೇಳಿದ್ದಕ್ಕೆ ಯಾರಿಗಾದರೂ ಬೇಜಾರಾದರೆ ಆಗಲಿ.

1987 ಬ್ಯಾಚ್:
ಕ್ಷಮಿಸಿ, ನಾನು ಒಪ್ಪುವುದಿಲ್ಲ. ನಾವು ಓದುವಾಗ ಗೇಟೇ ಇರಲಿಲ್ಲ ಮಾರಾಯ್ರೆ. ಗೂಡಂಗಡಿಯ ಅಣ್ಣ, ಚರ್ಚಿಗೆ ಬಂದ ಅಜ್ಜಿಯಂದಿರು, ಕಟ್ಟಿಗೆ ಹೊತ್ತು ಹೋಗುವವರು, ಎಲ್ಲರ ಕಣ್ಣೂ ನಮ್ಮ ಮೇಲೆ ಇರುತ್ತಿತ್ತು. ಮರಕ್ಕೆ ಹತ್ತಿದರೆ ಸಂಜೆಯೊಳಗೆ ಮನೆಗೆ ಸುದ್ದಿ. ಈಗ ನೀವು ಗೇಟು ಹಾಕಿ ಆ ಕಣ್ಣುಗಳನ್ನೆಲ್ಲ ಹೊರಗೆ ನಿಲ್ಲಿಸುತ್ತೀರಿ. ಒಳಗೆ ಆಗುವುದನ್ನು ನೋಡುವವರು ಯಾರು?

ಮೊಂತಿ ಹಬ್ಬದ (ಮೇರಿ ಮಾತೆಯ ಜನ್ಮದಿನ, ತೆನೆ ಹಬ್ಬ) ಮುಂಚಿನ ನೊವೆನ ಪ್ರಾರ್ಥನೆಗೆ ಒಂಬತ್ತು ದಿನ ಮಕ್ಕಳು ಹೂ ತರುತ್ತಾರೆ. ಸೆಪ್ಟೆಂಬರ್ 8ರಂದು ಹೊಸ ತೆನೆ ಆಶೀರ್ವಾದ, ಮಕ್ಕಳಿಗೆ ಕಬ್ಬು. ಕ್ಯಾಥೊಲಿಕ್ ಮಕ್ಕಳು ಮಾತ್ರ ಅಲ್ಲ, ನಮ್ಮ ಕಾಲದಲ್ಲಿ ಪೂಜಾರಿ, ಬ್ಯಾರಿ ಮಕ್ಕಳೂ ಕಬ್ಬಿಗೆ ಸಾಲು ನಿಲ್ಲುತ್ತಿದ್ದರು. ಆ ಶಾಲೆಯನ್ನು ಜೈಲು ಮಾಡಬೇಡಿ.

ಮೂರನೇ ಕ್ಲಾಸಿನ ಅಮ್ಮ:
ಜೈಲು ಮಾಡುವುದು ನಮಗೂ ಬೇಡ ಸರ್. ಆದರೆ ಆ ಗೂಡಂಗಡಿ ಈಗ ಇಲ್ಲ. ಅಜ್ಜಿಯಂದಿರು ಮಕ್ಕಳ ಜೊತೆ ದುಬೈಗೆ, ಕೆನಡಾಕ್ಕೆ ಹೋಗಿದ್ದಾರೆ. ಹಗಲು ಹೊತ್ತು ಅಂಗಳದಲ್ಲಿ ಓಡಾಡುವವರಲ್ಲಿ ಜಾಸ್ತಿ ಜನ ಹಾಲ್‌ಗೆ ಶಾಮಿಯಾನ ಹಾಕುವವರು, ಕ್ಯಾಟರಿಂಗ್ ಹುಡುಗರು. ಪಾಪ, ಅವರದ್ದೇನೂ ತಪ್ಪಿಲ್ಲ. ನಮಗೆ ಅವರ ಗುರುತಿಲ್ಲ, ಅಷ್ಟೇ.

ರಿಕ್ಷಾದವ:
ಟೀಚರ್ ಹೇಳಿದ್ದು ನೂರಕ್ಕೆ ನೂರು. ನಾನು ಬೆಳಗ್ಗೆ ಸಂಜೆ ಮಕ್ಕಳನ್ನು ಬಿಡುವವನು. ತಾಯಂದಿರು ನನಗೆ ಫೋನ್ ಮಾಡುತ್ತಾರೆ, ‘ಅಣ್ಣ, ಇವತ್ತು ನಮ್ಮ ಭಾವ ಬರ್ತಾರೆ, ಮಗುವನ್ನು ಅವರ ಹತ್ತಿರ ಬಿಡಿ’ ಅಂತ. ಭಾವನ ಮುಖ ನಾನು ನೋಡಿಲ್ಲ. ಶಾಲೆಗೆ ಆ ಸುದ್ದಿಯೇ ಹೋಗಿರುವುದಿಲ್ಲ. ಏನಾದರೂ ಆದರೆ ಮೊದಲು ಹಿಡಿಯುವುದು ನನ್ನ ಕಾಲರ್.

ಇನ್ನೊಂದು. ನನಗೆ ಬೈದರೂ ಪರವಾಗಿಲ್ಲ, ಹೇಳುತ್ತೇನೆ. ನಮ್ಮ ರಿಕ್ಷಾಗಳಲ್ಲಿ ಮಕ್ಕಳನ್ನು ಡ್ರೈವರ್ ಸೀಟಿನ ಎರಡೂ ಬದಿ ಕೂರಿಸುತ್ತಾರೆ. ಬ್ಯಾಗು ಹೊರಗೆ ನೇತಾಡುತ್ತದೆ. ಯಾಕೆಂದರೆ ಆರು ಮಕ್ಕಳ ಬಾಡಿಗೆಯಲ್ಲಿ ಹತ್ತು ಮಕ್ಕಳು ಹೋಗಬೇಕು ಅಂತ ಚೌಕಾಸಿ ಮಾಡುವವರೂ ಇದೇ ತಾಯಂದಿರು. ನಾನು ಮುಂದೆ ಯಾರನ್ನೂ ಕೂರಿಸುವುದಿಲ್ಲ ಅಂದ ಮೇಲೆ ಎರಡು ಮನೆಯವರು ಬೇರೆ ರಿಕ್ಷಾ ಹಿಡಿದರು.

ಉಡುಪಿ ವಕೀಲೆ:
ಕಾನೂನು ಏನು ಹೇಳುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಸಭೆಯಲ್ಲಿ ‘ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ನಮಗೆ ಅದೆಲ್ಲ ಅನ್ವಯ ಆಗುವುದಿಲ್ಲ’ ಎಂದು ಯಾರಾದರೂ ಎದ್ದು ಹೇಳುತ್ತಾರೆ, ನೋಡ್ತಾ ಇರಿ. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಪೋಕ್ಸೋ ಎಲ್ಲ ಶಾಲೆಗೂ ಒಂದೇ. ಬಾಲನ್ಯಾಯ ಕಾಯ್ದೆಯೂ ಅಷ್ಟೇ.

ಪೋಕ್ಸೋ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಅದರ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಎಂದು ಗೊತ್ತಾದ, ಆಗಬಹುದು ಎಂಬ ಆತಂಕ ಇರುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಟೀಚರ್, ಆಯಾ, ಫಾದರ್, ಬಿಷಪ್, ಯಾರಿಗೂ ವಿನಾಯಿತಿ ಇಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಹಾಕಲು ಬರುವುದಿಲ್ಲ. ‘ಮೊದಲು ನಾವೇ ವಿಚಾರಣೆ ಮಾಡಿ ನೋಡೋಣ’ ಎಂದು ಆಡಳಿತ ಮಂಡಳಿಯವರು ಕೂರುತ್ತಾರಲ್ಲ, ಕಾನೂನಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಲ್ಲ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ ತೆಗೆದುಕೊಳ್ಳಬೇಕು. ಆದಷ್ಟು ಮಟ್ಟಿಗೆ ಸಬ್‌ಇನ್‌ಸ್ಪೆಕ್ಟರ್ ದರ್ಜೆಯ ಮಹಿಳೆಯೇ ಬರಬೇಕು, ಯೂನಿಫಾರಂ ಹಾಕಿರಬಾರದು.

2020ರ ಪೋಕ್ಸೋ ನಿಯಮಗಳನ್ನೂ ಓದಿಸಿ. ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರಿಂದ ಆಗಾಗ ಪರಿಶೀಲನೆ ಮಾಡಿಸಬೇಕು. ಗುತ್ತಿಗೆಯವರನ್ನೂ ಬಿಡುವಂತಿಲ್ಲ. ಡ್ಯಾನ್ಸ್ ಮಾಸ್ಟರ್, ಕರಾಟೆ ಮಾಸ್ಟರ್, ವ್ಯಾನ್ ಡ್ರೈವರ್ ಎಲ್ಲರದ್ದೂ ಆಗಿದೆಯಾ ಕೇಳಿ. ವಾರ್ಷಿಕೋತ್ಸವಕ್ಕೆ ಮುಂಚೆ ತಿಂಗಳುಗಟ್ಟಲೆ ಡ್ಯಾನ್ಸ್ ಪ್ರಾಕ್ಟೀಸ್ ಇರುತ್ತದೆ, ಕಲಿಸುವವರು ಯಾರು ಎಂದು ಯಾರೂ ನೋಡುವುದಿಲ್ಲ.

ಕುವೈತ್ ಅಪ್ಪ:
ಇಷ್ಟೆಲ್ಲ ಯಾಕೆ? ಪ್ರತಿ ಕ್ಲಾಸಿಗೆ ಸಿಸಿಟಿವಿ ಹಾಕಿ, ಮೊಬೈಲಿನಲ್ಲಿ ನಮಗೂ ಕಾಣಲಿ. ಗಲ್ಫ್‌ನಲ್ಲಿರುವವರು ಸೇರಿ ದುಡ್ಡು ಕಳಿಸುತ್ತೇವೆ.

ನಿವೃತ್ತ ಟೀಚರ್:
ದುಡ್ಡು ಕಳಿಸಿ ಮಗಾ, ಒಳ್ಳೇದು. ಆದರೆ ಅದರಲ್ಲಿ ಹೆಣ್ಣುಮಕ್ಕಳ ಟಾಯ್ಲೆಟ್ ಬಾಗಿಲಿಗೆ ಚಿಲಕ ಹಾಕಿಸೋಣ. ಗೇಟಿಗೆ, ವರಾಂಡಕ್ಕೆ ಕ್ಯಾಮೆರಾ ಸರಿ. ಕ್ಲಾಸಿನ ಒಳಗಿನ ಚಿತ್ರ ನೂರು ಅಪ್ಪ-ಅಮ್ಮಂದಿರ ಮೊಬೈಲಿಗೆ ಹೋದರೆ ಅಲ್ಲಿಂದ ಎಲ್ಲೆಲ್ಲಿಗೆ ಹೋಗುತ್ತದೋ ಯಾರು ಕಂಡರು? ಚಡ್ಡಿ ಒದ್ದೆ ಮಾಡಿಕೊಂಡ ಮಗುವಿನ ವಿಡಿಯೋ ಸಂಜೆ ಫ್ಯಾಮಿಲಿ ಗ್ರೂಪಿನಲ್ಲಿ ಬೇಕಾ?

ಎರಡನೇ ಬೆಂಚ್:
ಟಾಯ್ಲೆಟ್ ಮಾತು ಬಂತಲ್ಲ, ನಮ್ಮ ಶಾಲೆಯಲ್ಲಿ ಹಾಲ್‌ನಲ್ಲಿ ಮದುವೆ ಇದ್ದ ದಿನ ಅತಿಥಿಗಳೂ ಮಕ್ಕಳ ಟಾಯ್ಲೆಟ್ಟಿಗೇ ಬರುತ್ತಾರೆ. ಮಕ್ಕಳು ಹೋಗದೆ ಸಂಜೆವರೆಗೆ ತಡೆದುಕೊಂಡು ಮನೆಗೆ ಬರುತ್ತಾರೆ. ಎರಡು ಸಲ ಪತ್ರ ಕೊಟ್ಟಾಯ್ತು. ಹಾಲ್ ಬಾಡಿಗೆಯಿಂದಲೇ ಶಾಲೆ ನಡೆಯುವುದು ಎಂಬ ಉತ್ತರ ಸಿಕ್ಕಿತು. ಅದೂ ಸುಳ್ಳಲ್ಲ. ಸರ್ಕಾರ ಖಾಲಿಯಾದ ಅನುದಾನಿತ ಹುದ್ದೆ ಬೇಗ ತುಂಬುವುದಿಲ್ಲ, ಗೌರವ ಶಿಕ್ಷಕಿಯರ ಸಂಬಳ ಎಲ್ಲಿಂದ ಬರಬೇಕು?

ಸಿಸ್ಟರ್ ಟೀಚರ್:
ನಾನು ಸಿಸ್ಟರ್, ಪ್ರೈಮರಿ ಶಾಲೆಯಲ್ಲಿ ಕಲಿಸುತ್ತೇನೆ. ವಕೀಲೆ ಹೇಳಿದ್ದಕ್ಕೆ ಚರ್ಚಿನ ಕಡೆಯಿಂದ ಒಂದೆರಡು ಮಾತು ಸೇರಿಸಬೇಕು.

2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಎಂಬ ಆದೇಶ ಹೊರಡಿಸಿದರು. ಧರ್ಮಗುರುಗಳಿಂದ ಮಗುವಿಗೆ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಬೇರೆ ಗುರುಗಳು, ಸಿಸ್ಟರುಗಳು ಅದನ್ನು ತಿಳಿಸುವುದು ಕಡ್ಡಾಯ. 2020ರ ಜೂನ್ ಹೊತ್ತಿಗೆ ಪ್ರತಿ ಧರ್ಮಪ್ರಾಂತ್ಯದಲ್ಲೂ ಜನರಿಗೆ ಸುಲಭವಾಗಿ ಸಿಗುವ ದೂರು ವ್ಯವಸ್ಥೆ ಇರಬೇಕು ಎಂದಿತ್ತು. ದೂರು ಕೊಟ್ಟವರಿಗೆ ‘ಯಾರಿಗೂ ಹೇಳಬೇಡಿ’ ಅನ್ನುವಂತಿಲ್ಲ. ದೇಶದ ಕಾನೂನಿನ ಪ್ರಕಾರ ಪೊಲೀಸರಿಗೆ ಹೇಳುವ ಕರ್ತವ್ಯವೂ ಹಾಗೇ ಇರುತ್ತದೆ. 2023ರಲ್ಲಿ ಇದನ್ನು ಕಾಯಂ ಮಾಡಿದರು. ಹಾಗಾಗಿ ‘ಚರ್ಚಿನ ಮರ್ಯಾದೆ’ ಎಂದು ಯಾರಾದರೂ ಬಾಯಿ ಮುಚ್ಚಿಸಲು ನೋಡಿದರೆ, ರೋಮ್‌ನ ನಿಯಮವೇ ನಿಮ್ಮ ಪರವಾಗಿದೆ ಎಂದು ಹೇಳಿ.

ಶಾಲೆಯಲ್ಲಿ ನಾವು ಮಾಡುವುದು ಸಣ್ಣ ಸಣ್ಣ ಸಂಗತಿ. ಮೊದಲ ಕುಮ್ಗಾರಿಗೆ (ಪರಮಪ್ರಸಾದ ಸ್ವೀಕಾರ) ಮುಂಚೆ ಮಕ್ಕಳ ಕುಮ್ಸಾರ್ (ಪಾಪನಿವೇದನೆ) ಇರುತ್ತದಲ್ಲ, ಫಾದರ್ ಚರ್ಚಿನ ಮುಂದಿನ ಬೆಂಚಿನಲ್ಲೇ ಕೂರುತ್ತಾರೆ. ಮಾತು ಕೇಳಿಸದಷ್ಟು ದೂರದಲ್ಲಿ, ಆದರೆ ಎಲ್ಲ ಕಾಣುವ ಹಾಗೆ ಟೀಚರ್ ನಿಲ್ಲುತ್ತಾರೆ. ಫಾದರ್ ಮನೆಗೆ ರಿಜಿಸ್ಟರ್ ಕೊಟ್ಟು ಬರಲು ಒಬ್ಬ ಮಗುವನ್ನು ಕಳಿಸುವುದಿಲ್ಲ. ಈಗಿರುವ ಫಾದರೇ ಈ ಕ್ರಮ ತಂದದ್ದು. ‘ನನಗೂ ಇದರಿಂದ ರಕ್ಷಣೆ’ ಅಂದರು. ಕಾನ್ವೆಂಟಿಗೂ ಅದೇ ಕ್ರಮ. ಸಿಸ್ಟರುಗಳೆಂದರೆ ದೇವತೆಗಳೇನಲ್ಲ.

1987 ಬ್ಯಾಚ್:
ಸಿಸ್ಟರ್, ಗೌರವದಿಂದಲೇ ಕೇಳುತ್ತೇನೆ. ಇದೆಲ್ಲ ಹೊರದೇಶದ ಕಥೆ ಅಲ್ವಾ? ಅಮೆರಿಕಾದಲ್ಲಿ ಯಾರೋ ಮಾಡಿದ್ದಕ್ಕೆ ನಮ್ಮೂರಿನ ಗುರುಗಳನ್ನು ಸಂಶಯದಿಂದ ನೋಡಬೇಕಾ?

ಸಿಸ್ಟರ್ ಟೀಚರ್:
ಹೊರದೇಶದ್ದು ಮಾತ್ರ ಎಂದು ನಂಬಿದರೆ ಮನಸ್ಸಿಗೆ ಹಗುರ, ನಿಜ. ಐರ್ಲೆಂಡಿನಲ್ಲಿ ಚರ್ಚಿನವರು ನಡೆಸುತ್ತಿದ್ದ ಮಕ್ಕಳ ಸಂಸ್ಥೆಗಳ ಬಗ್ಗೆ 2009ರಲ್ಲಿ ರಯಾನ್ ವರದಿ ಬಂತು. ಅಲ್ಲಿನದ್ದೂ ಚರ್ಚನ್ನು ಪ್ರಾಣದಂತೆ ಪ್ರೀತಿಸುವ ಊರುಗಳೇ. ಮಕ್ಕಳ ಕೈಗೆ, ಬೆನ್ನಿಗೆ ಬೀಳುತ್ತಿದ್ದ ಏಟು, ಅದಕ್ಕಿಂತ ಕೆಟ್ಟದ್ದು, ದಶಕಗಟ್ಟಲೆ ನಡೆಯಿತು. ಗೊತ್ತಿದ್ದವರೂ ಇದ್ದರು. ಪ್ರೀತಿ ಇತ್ತು, ಕೇಳುವವರು ಇರಲಿಲ್ಲ. ನಾನು ಸಂಶಯ ಪಡಿ ಅನ್ನುವುದಿಲ್ಲ. ಕೇಳಿದರೆ ಅವಮಾನ ಅಂತ ತಿಳಿಯಬೇಡಿ, ಅಷ್ಟೇ.

ಐದನೇ ಕ್ಲಾಸಿನ ಉಮ್ಮ:
ನಾನು ಈವರೆಗೆ ಸುಮ್ನೆ ಓದುತ್ತಿದ್ದೆ. ನನ್ನ ಇಬ್ಬರು ಮಕ್ಕಳೂ ಚರ್ಚ್ ಶಾಲೆಯವರು. ಶಿಸ್ತು, ಟೀಚರುಗಳ ಪ್ರೀತಿ, ಎಲ್ಲದರಲ್ಲೂ ತೃಪ್ತಿ ಇದೆ. ರಂಜಾನಿನಲ್ಲಿ ನನ್ನ ಮಗಳು ಉಪವಾಸ ಹಿಡಿದರೆ ಟೀಚರ್ ಅವಳನ್ನು ಬಿಸಿಲಿನಲ್ಲಿ ಡ್ರಿಲ್ಲಿಗೆ ನಿಲ್ಲಿಸುವುದಿಲ್ಲ.

ಆದರೆ ಒಂದು ಮಾತು. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕ್ಯಾಥೊಲಿಕರಲ್ಲ. ಶಿಕ್ಷಕ-ರಕ್ಷಕ ಸಂಘದ ವಿಷಯಗಳೆಲ್ಲ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ತೀರ್ಮಾನ ಆಗಿರುತ್ತವೆ. ನಾವು ಸಭೆಗೆ ಬರುವಾಗ ಕೈ ಎತ್ತುವುದು ಮಾತ್ರ ಬಾಕಿ. ನನಗೆ ಯಾರ ಮೇಲಾದರೂ ದೂರು ಇದ್ದರೆ ಸಂಚಾಲಕರಿಗೆ ಹೇಳಬೇಕು. ಸಂಚಾಲಕರೆಂದರೆ ಫಾದರ್. ಪ್ಯಾರಿಷಿನವರು, ಅಂದರೆ ಆ ಚರ್ಚಿಗೆ ಸೇರಿದವರು, ಹೇಗೋ ಹೋಗಿ ಮಾತಾಡುತ್ತಾರೆ, ನಮಗೆ ಆ ಬಾಗಿಲು ತಟ್ಟಲು ಸಂಕೋಚ. ‘ಸೀಟು ಕೊಟ್ಟದ್ದೇ ಹೆಚ್ಚು’ ಎಂದು ಯಾರಾದರೂ ಅಂದುಬಿಟ್ಟರೆ?

ಮೂರನೇ ಕ್ಲಾಸಿನ ಅಮ್ಮ:
ಅಕ್ಕಾ, ಈ ಮಾತು ಸಭೆಯಲ್ಲಿ ನಾನು ಎತ್ತುತ್ತೇನೆ. ಚರ್ಚ್ ಮೆಟ್ಟಿಲ ವಿಷಯ ನಿಜ. ನಾನೂ ಆ ಮೆಟ್ಟಿಲ ಮೇಲೆ ನಿಂತವಳೇ.

ಮಳೆಗಾಲ:
ವಿಷಯ ಬೇರೆ. ಡಿಸಿ ನಾಳೆ ರಜೆ ಕೊಟ್ಟಿದ್ದಾರಾ?

ರಿಕ್ಷಾದವ:
ಬೇರೆ ಎಲ್ಲಿ ಮಾರಾಯ್ರೆ, ಇದೂ ಅದೇ ವಿಷಯ. ಬೆಳಗ್ಗೆ ರಜೆ ಸುದ್ದಿ ಬರುವಷ್ಟರಲ್ಲಿ ನನ್ನ ರಿಕ್ಷಾದಲ್ಲಿ ನಾಲ್ಕು ಮಕ್ಕಳು ಕೂತಿರುತ್ತಾರೆ. ವಾಪಸ್ ಬಿಡೋಣ ಎಂದರೆ ಅಪ್ಪ ಅಮ್ಮ ಕೆಲಸಕ್ಕೆ ಹೊರಟಾಗಿದೆ, ಮನೆಗೆ ಬೀಗ. ಹಿಂದಿನ ಮಳೆಗಾಲದಲ್ಲಿ ಒಂದು ಮಗುವನ್ನು ಮಧ್ಯಾಹ್ನದವರೆಗೆ ನಮ್ಮ ಮನೆಯಲ್ಲೇ ಕೂರಿಸಿಕೊಂಡದ್ದು. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಎರಡನೇ ಕ್ಲಾಸಿನ ಹುಡುಗಿ ಶಾಲೆಯಿಂದ ಬರುವಾಗ ಕಾಲುಸಂಕದಿಂದ ನೀರಿಗೆ ಬಿದ್ದು ಹೋದಳು, ನೆನಪುಂಟಲ್ಲ. ಮಳೆಯ ದಿನ ಯಾವ ಮಗು ಯಾವ ದಾರಿಯಲ್ಲಿ ಮನೆಗೆ ಹೋಗುತ್ತದೆ ಎಂದು ಶಾಲೆಗೆ ಗೊತ್ತಿರಬೇಕು.

ನಿವೃತ್ತ ಟೀಚರ್:
ದಾರಿ ಬರೆದಿಟ್ಟುಕೊಳ್ಳುವುದು ಒಳ್ಳೆಯ ಮಾತು. ಅಡುಗೆ ಕೋಣೆಯನ್ನೂ ಮರೆಯಬೇಡಿ. 2004ರ ಜುಲೈ 16ರಂದು ಕುಂಭಕೋಣದಲ್ಲಿ ಶಾಲೆಯ ಅಡುಗೆ ಮಾಡುವಲ್ಲಿ ಹತ್ತಿದ ಬೆಂಕಿ ಹುಲ್ಲಿನ ಮಾಡಿಗೆ ಹಿಡಿದು 94 ಮಕ್ಕಳು ಹೋದರು. 2013ರಲ್ಲಿ, ಅದೂ ಜುಲೈ 16, ಬಿಹಾರದಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ತಿಂದು 23 ಮಕ್ಕಳು. ಅನ್ನ ಸಾರು ಮಕ್ಕಳಿಗೆ ಬಡಿಸುವ ಮುಂಚೆ ಟೀಚರ್ ಒಬ್ಬರು ರುಚಿ ನೋಡಿ ಬರೆಯಬೇಕೆಂದು ಇರುವುದು ಇದಕ್ಕೇ. ಇಡೀ ವಾರದ್ದನ್ನು ಶನಿವಾರ ಕೂತು ಒಟ್ಟಿಗೆ ಸಹಿ ಹಾಕುವುದಕ್ಕಲ್ಲ. ಗ್ಯಾಸ್ ಸಿಲಿಂಡರ್ ಎಲ್ಲಿದೆ, ಕ್ಲಾಸಿನ ಎರಡನೇ ಬಾಗಿಲು ತೆರೆಯುತ್ತದಾ ಎಂದು ಸಭೆಯ ದಿನ ಎಲ್ಲರೂ ಒಟ್ಟಿಗೆ ಹೋಗಿ ನೋಡಿ. ನಮ್ಮಲ್ಲಿ ಎರಡನೇ ಬಾಗಿಲಿಗೆ ಹಳೇ ಡೆಸ್ಕುಗಳನ್ನು ಒಟ್ಟಿ ಇಟ್ಟಿದ್ದರು.

ಮೂರನೇ ಕ್ಲಾಸಿನ ಅಮ್ಮ:
ಸಭೆ ಮುಗಿಯಿತು. ಎರಡೂವರೆ ಗಂಟೆ. ಗಲಾಟೆ ಆಯ್ತು, ಚಹಾ ತಣ್ಣಗಾಯ್ತು.

ಕಾಲುದಾರಿ ಮುಚ್ಚುವುದಿಲ್ಲ. ಚರ್ಚಿನ ಬದಿಯಿಂದ, ಸಿಮೆಟ್ರಿ ಪಾಗಾರದ ಪಕ್ಕ ತಿರುಗಿಸುತ್ತಾರೆ. ಅಂಗಳಕ್ಕೂ ದಾರಿಗೂ ನಡುವೆ ಬೇಲಿ. ಹಿರಿಯರೊಬ್ಬರು ‘ಸತ್ತವರ ಪಕ್ಕ ನಡೆದರೆ ಸ್ವಲ್ಪ ಪ್ರಾರ್ಥನೆಯೂ ಆಗುತ್ತದೆ’ ಅಂದಾಗ ಎಲ್ಲರೂ ನಕ್ಕರು, ಅಲ್ಲಿಗೆ ಆ ಜಗಳ ಮುಗಿಯಿತು. ಗೇಟು ಮುಚ್ಚಿರುತ್ತದೆ, ಬೀಗ ಇಲ್ಲ. ಬಂದವರು ಪುಸ್ತಕದಲ್ಲಿ ಹೆಸರು ಬರೆಯಬೇಕು. ಫಾದರ್ ಅಲ್ಲೇ ಎದ್ದು ಹೋಗಿ ಮೊದಲ ಹೆಸರು ತಮ್ಮದೇ ಬರೆದರು.

ಕರೆದುಕೊಂಡು ಹೋಗುವವರ ಪಟ್ಟಿಗೆ ಒಪ್ಪಿಗೆ ಸಿಕ್ಕಿತು. ಡ್ಯಾನ್ಸ್ ಮಾಸ್ಟರ್ ಪರಿಶೀಲನೆ ಬಗ್ಗೆ ಕೇಳಿದಾಗ ಯಾರ ಹತ್ತಿರವೂ ಉತ್ತರ ಇರಲಿಲ್ಲ, ಈಗ ಅರ್ಜಿ ಹಾಕುತ್ತಾರಂತೆ. ದೂರು ಪೆಟ್ಟಿಗೆ ಇಡುತ್ತಾರೆ. ಅದರ ಬೀಗದ ಕೈ ಫಾದರ್ ಹತ್ತಿರ ಬೇಡ, ಮುಖ್ಯ ಶಿಕ್ಷಕಿ ಹತ್ತಿರವೂ ಬೇಡ ಎಂದು ನಾನು ಹೇಳಿದೆ. ಪೆಟ್ಟಿಗೆ ತೆರೆಯಲು ಇಬ್ಬರು ತಾಯಂದಿರು, ಒಬ್ಬರು ಪ್ಯಾರಿಷಿನ ಹೊರಗಿನವರು. ಇದಕ್ಕೆ ಮಾತ್ರ ನಾಲ್ಕೈದು ಮುಖ ಸಣ್ಣದಾಯ್ತು. ಮಕ್ಕಳ ಸಹಾಯವಾಣಿಯ 1098 ನಂಬರನ್ನು ಎಲ್ಲ ಕ್ಲಾಸಿನ ಗೋಡೆಗೂ ಬರೆಸುತ್ತಾರೆ.

ಹಾಲ್ ವಿಷಯ ಮುಂದಕ್ಕೆ ಹೋಯ್ತು. ಶಾಲೆ ಇರುವ ದಿನ ಬುಕಿಂಗ್ ಬೇಡ ಎಂದವರಿಗೂ, ದುಡ್ಡು ಎಲ್ಲಿಂದ ಎಂದವರಿಗೂ ರಾಜಿ ಆಗಲಿಲ್ಲ.

ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ನಮ್ಮಲ್ಲಿ ತುಂಬ ಇದ್ದಾರೆ. ಅವರ ಅಪ್ಪ ಅಮ್ಮ ಯಾರೂ ಸಭೆಗೆ ಬಂದಿರಲಿಲ್ಲ, ಒಂದು ದಿನದ ಕೂಲಿ ಹೋಗುತ್ತದೆ. ಅವರ ಫೋನ್ ನಂಬರೂ ಆಗಾಗ ಬದಲಾಗುತ್ತದೆ. ಪಟ್ಟಿ ಹೇಗೆ ಮಾಡುವುದು?

ಸಿಸ್ಟರ್ ಟೀಚರ್:
ನಾವು ಭಾನುವಾರ ಸಂಜೆ ಅವರ ಶೆಡ್ಡುಗಳಿಗೆ ಹೋಗುತ್ತೇವೆ. ಅಮ್ಮನ ನಂಬರಿನ ಜೊತೆ ಮೇಸ್ತ್ರಿಯ ನಂಬರ್ ತೆಗೆದುಕೊಳ್ಳಿ. ಅಕ್ಕ ತಮ್ಮನನ್ನು ಕರೆದುಕೊಂಡು ಹೋಗುವುದು ಅವರಲ್ಲಿ ರೂಢಿ, ಅಕ್ಕನಿಗೇ ಹತ್ತು ವರ್ಷ ಆಗಿರುವುದಿಲ್ಲ. ಅಂಥ ಮಕ್ಕಳನ್ನು ನಮ್ಮ ಆಯಾ ಗುಂಪಾಗಿ ಶೆಡ್ಡಿನವರೆಗೆ ಬಿಟ್ಟು ಬರುತ್ತಾರೆ. ಮೇಸ್ತ್ರಿಯ ನಂಬರ್ ಫೋನ್ ಮಾಡಲು ಮಾತ್ರ, ಅವರ ಕೈಗೆ ಮಗುವನ್ನು ಕೊಡಲು ಅಲ್ಲ. ಇದನ್ನು ಟೀಚರುಗಳಿಗೆ ಬಿಡಿಸಿ ಹೇಳಿ.

ಮೂರನೇ ಕ್ಲಾಸಿನ ಅಮ್ಮ:
ಥ್ಯಾಂಕ್ಸ್ ಸಿಸ್ಟರ್. ವಕೀಲೆ ಮೇಡಂ, ಕೊನೆಗೆ ಒಂದು. ಆ ಒಂದನೇ ಕ್ಲಾಸಿನ ಮಗುವಿನ ಅಪ್ಪನೇ ನಾಳೆ ಬಂದು ನಿಂತರೆ ಟೀಚರ್ ಏನು ಮಾಡಬೇಕು?

ಉಡುಪಿ ವಕೀಲೆ:
ಮಗು ಯಾರ ಹತ್ತಿರ ಇರಬೇಕೆಂದು ಕೋರ್ಟ್ ಆದೇಶ ಆಗಿದ್ದರೆ ಅದರ ಪ್ರತಿ ಶಾಲೆಯ ಫೈಲಿನಲ್ಲಿ ಇರಲಿ, ಅದರಂತೆ ನಡೆಯಿರಿ. ಬಾಯಿಮಾತು ಸಾಲದು, ಅಮ್ಮನದ್ದೂ ಸಾಲದು. ಆದೇಶ ಇಲ್ಲದಿದ್ದರೆ ಅವನೂ ಅಪ್ಪನೇ. ಶಾಲೆಯವರು ಗಂಡ ಹೆಂಡತಿ ನಡುವೆ ನ್ಯಾಯ ಹೇಳಲು ಹೋಗಬಾರದು. ಮಗುವನ್ನು ಮುಖ್ಯ ಶಿಕ್ಷಕಿಯ ಕೋಣೆಯಲ್ಲಿ ಕೂರಿಸಿ, ಅಮ್ಮನಿಗೆ ಫೋನ್ ಮಾಡಿ, ಇಬ್ಬರೂ ಮಾತಾಡುವವರೆಗೆ ಕಾಯಿರಿ. ಜೋರು ಮಾಡಿದರೆ 112ಕ್ಕೆ (ತುರ್ತು ನಂಬರ್) ಫೋನ್ ಮಾಡಿ. ಅಂಗಳದಲ್ಲಿ, ಬೇರೆ ಮಕ್ಕಳ ಎದುರು ಮಾತ್ರ ಈ ಮಾತುಕತೆ ಬೇಡ. ಆ ಮಗು ಮರುದಿನವೂ ಅದೇ ಕ್ಲಾಸಿಗೆ ಬರಬೇಕಲ್ಲ.